ಉಳಿದ ಕೈಗಳ ಸ್ತೋತ್ರ

ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿಯುವುದಕ್ಕೆ ಸ್ವಲ್ಪ ಮೊದಲು ಸಭಾಪಾಲಕರು ಸ್ತೋತ್ರ ಕಾಣಿಕೆಯ ಲಕೋಟೆಗಳನ್ನು ಒಂದೊಂದಾಗಿ ಎತ್ತಿ ಓದುತ್ತಾರೆ. ಮಗನಿಗೆ ಕೆಲಸ ಸಿಕ್ಕಿದ್ದಕ್ಕೆ, ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ, ಅಮ್ಮನ ಕಣ್ಣಿನ ಆಪರೇಷನ್ ಸರಿಯಾಗಿ ಆದದ್ದಕ್ಕೆ, ಮೊಮ್ಮಗಳ ಹುಟ್ಟುಹಬ್ಬಕ್ಕೆ. ಯಾರ ಮನೆಯಲ್ಲಿ ಏನು ಒಳ್ಳೆಯದಾಯಿತು ಎಂಬುದು ಇಡೀ ಸಭೆಗೆ ತಿಳಿಯುವುದು ಹಾಗೆ. ಒಂದು ಜುಲೈ ತಿಂಗಳ ಭಾನುವಾರ ಒಂದು ಲಕೋಟೆಯ ಮೇಲೆ ಕಾರಣ ಬರೆಯುವ ಜಾಗದಲ್ಲಿ ಬರೀ ತಾರೀಕು ಇತ್ತು. ಸಭಾಪಾಲಕರು ಅದನ್ನು ಓದಿ, ಒಂದು ಗಳಿಗೆ ಸುಮ್ಮನಾಗಿ, ಮುಂದಿನ ಲಕೋಟೆ ಎತ್ತಿಕೊಂಡರು. ಹೊರಗೆ ಮಳೆಯ ಸದ್ದು ಬಿಟ್ಟರೆ ಮತ್ತೇನೂ ಕೇಳಿಸಲಿಲ್ಲ. ಆ ತಾರೀಕು ನಮಗೆಲ್ಲ ಗೊತ್ತಿತ್ತು. ಆರು ವರ್ಷದ ಹಿಂದೆ ಅದೇ ದಿನ ನನ್ನ ಚಿಕ್ಕಪ್ಪ ಅಡಿಕೆ ಮರದಿಂದ ಬಿದ್ದದ್ದು.

ಕೊಳೆರೋಗಕ್ಕೆ ಮದ್ದು ಬಿಡಲು ಹತ್ತಿದ್ದರು. ಎರಡು ಮಳೆಗಳ ನಡುವೆ ಸಿಕ್ಕಿದ ಸ್ವಲ್ಪ ಬಿಸಿಲು, ಪಾಚಿ ಹಿಡಿದ ಮರ, ಜಾರಿದ ಕಾಲಿನ ತಳೆ. ಅಡಿಕೆ ತೆಂಗು ಇರುವ ಊರಿನವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಒಂದು ಕೋಣೆಯಲ್ಲಿ ಮಲಗಿದ ಗಂಡಸು ನಮ್ಮ ಕಡೆ ಪ್ರತಿ ನಾಲ್ಕಾರು ಊರಿಗೆ ಒಬ್ಬ ಸಿಗುತ್ತಾನೆ.

ಆ ದಿನ ಆರಾಧನೆ ಮುಗಿದ ಮೇಲೆ ಕೇಳಿದೆ: "ಚಿಕ್ಕಪ್ಪ, ಬಿದ್ದದ್ದಕ್ಕೂ ಸ್ತೋತ್ರವಾ?"

"ಬಿದ್ದದ್ದಕ್ಕೆ ಯಾರು ಮಾರಾಯ ಸ್ತೋತ್ರ ಹೇಳುವುದು?" ಎಂದರು. "ಆ ದಿನಕ್ಕೆ."

ಆ ಉತ್ತರ ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು. ಅರ್ಥ ಮಾಡಿಸಿದ್ದು ಚಿಕ್ಕಪ್ಪ ನಾಲ್ಕು ತಿಂಗಳು ಕಳೆದ ಜಾಗ, ಮತ್ತು ಆ ಜಾಗವನ್ನು ಕಟ್ಟಿದ ಒಬ್ಬ ಹೆಂಗಸಿನ ಬದುಕು.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಪ್ರಾಣ ಉಳಿಸಿಕೊಟ್ಟರು, ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಮನೆಯಲ್ಲಿ ಮೂರನೆಯ ವಾರಕ್ಕೆ ಸೊಂಟದ ಹಿಂದೆ ಬೆಡ್‌ಸೋರ್ ಆಯಿತು. ನೋಡಲು ಬಂದವರಲ್ಲಿ ಹಲವರು ಹಾಸಿಗೆಯ ಪಕ್ಕ ಕುಳಿತು, ಇದರಲ್ಲೂ ದೇವರ ಚಿತ್ತವಿದೆ, ಸ್ತೋತ್ರ ಹೇಳು ಎಂದರು. ಅವರ ಮನಸ್ಸು ಒಳ್ಳೆಯದೇ. ಆದರೂ ಆ ಮಾತನ್ನು ಆಡಬಾರದು ಎಂದು ನಾನು ಬಲವಾಗಿ ನಂಬಿದ್ದೇನೆ. ನೋವಿನಲ್ಲಿರುವವನ ಬಾಯಿಗೆ ನಾವು ಸ್ತೋತ್ರ ತುರುಕುವುದು ಅವನಿಂದ ಅಳುವ ಹಕ್ಕನ್ನೂ ಕಿತ್ತುಕೊಂಡ ಹಾಗೆ. ಕೀರ್ತನೆಗಳ ಪುಸ್ತಕದಲ್ಲಿ ಸ್ತುತಿಗೆ ಇರುವಷ್ಟೇ ಜಾಗ ಗೋಳಿಗೂ ಇದೆ. ಲಾಜರನ ಸಮಾಧಿಗೆ ಹೋಗುವಾಗ ಯೇಸುಸ್ವಾಮಿ ಮೊದಲು ಮಾಡಿದ್ದು ಕಣ್ಣೀರು ಹಾಕಿದ್ದು.

ಕೊನೆಗೆ ಯಾರೋ ವೆಲ್ಲೂರಿನ ಹೆಸರು ಹೇಳಿದರು. ಮಂಗಳೂರು ಮೇಲ್‌ನಲ್ಲಿ ಹೊರಟು ನಸುಕಿನಲ್ಲಿ ಕಾಟ್ಪಾಡಿಯಲ್ಲಿ ಇಳಿದೆವು. ಆ ಸ್ಟೇಷನ್ನಿನಲ್ಲಿ ಇಳಿಯುವವರ ಕೈಯಲ್ಲಿ ಎಕ್ಸ್‌ರೇ ಕವರುಗಳು ಕಂಡಷ್ಟು ಬೇರೆಲ್ಲೂ ಕಂಡಿಲ್ಲ. ಕೋಲಾರ, ಬೆಂಗಳೂರಿನ ಕಡೆಯ ಕನ್ನಡವೂ ನಾಲ್ಕಾರು ಕಡೆ ಕಿವಿಗೆ ಬಿತ್ತು.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಹುಟ್ಟಿನ ಕಥೆ ಅನೇಕರಿಗೆ ಗೊತ್ತಿದೆ. ಮಿಷನರಿ ವೈದ್ಯನ ಮಗಳು ಐಡಾ ಸ್ಕಡರ್, ಭಾರತದಲ್ಲಿ ಉಳಿಯುವ ಮನಸ್ಸೇ ಇಲ್ಲದೆ ತಾಯಿಯ ಕಾಯಿಲೆಯ ಕಾರಣಕ್ಕೆ ತಿಂಡಿವನಕ್ಕೆ ಬಂದಿದ್ದ ತರುಣಿ. ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಾಗಿಲು ತಟ್ಟಿ, ಹೆರಿಗೆಯ ಬೇನೆಯಲ್ಲಿರುವ ನನ್ನ ಹೆಂಡತಿಯನ್ನು ನೋಡಲು ಬನ್ನಿ ಎಂದು ಆಕೆಯನ್ನು ಕರೆದರು. ತನಗೆ ವೈದ್ಯ ಗೊತ್ತಿಲ್ಲ, ತಂದೆಯನ್ನು ಕರೆದುಕೊಂಡು ಹೋಗಿ ಎಂದಳು. ಗಂಡಸು ಡಾಕ್ಟರು ಬೇಡವೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ವೈದ್ಯ ಪದವಿ ಪಡೆದು ಹಿಂದಿರುಗಿದರು, 1902ರಲ್ಲಿ ವೆಲ್ಲೂರಿನಲ್ಲಿ ಹೆಂಗಸರಿಗಾಗಿ ಆಸ್ಪತ್ರೆ ಕಟ್ಟಿದರು, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆ ತೆರೆದರು. ಇಂಥ ಕರೆಗಳ ಕಥೆ ನಮ್ಮ ಮಂಗಳೂರಿಗೂ ಹೊಸದಲ್ಲ. ಜೆಸ್ಯುಯಿಟ್ ಪಾದ್ರಿಯಾಗಿ ಬಂದ ಜರ್ಮನಿಯ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಹಂಚತೊಡಗಿ, 1890ರಲ್ಲಿ ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದರು. ಮೈಸೂರಿನ ಮಿಷನ್ ಆಸ್ಪತ್ರೆ, ಬೆಟಗೇರಿಯ ಜರ್ಮನ್ ಆಸ್ಪತ್ರೆ ಎಲ್ಲವೂ ಇದೇ ಬೇರಿನವು.

ಆದರೆ ನಾನು ಹೇಳಬೇಕೆಂದಿರುವುದು ಮೇರಿ ವರ್ಗೀಸ್ ಎಂಬವರ ವಿಷಯ. ಚಿಕ್ಕಪ್ಪನ ಜೊತೆ ವೆಲ್ಲೂರಿನ ಬಾಗಾಯಮಿನಲ್ಲಿ ಇಳಿದುಕೊಂಡಾಗಲೇ ಆ ಹೆಸರನ್ನು ನಾನು ಮೊದಲು ಕೇಳಿದ್ದು.

ಮೇರಿ ಹುಟ್ಟಿದ್ದು 1925ರಲ್ಲಿ, ಕೊಚ್ಚಿಯ ಹತ್ತಿರದ ಚೆರಾಯಿ ಎಂಬಲ್ಲಿ. ಅನುಕೂಲಸ್ಥ ಸಿರಿಯನ್ ಕ್ರೈಸ್ತ ಕುಟುಂಬ, ತುಂಬಿದ ಮನೆ. ವೆಲ್ಲೂರಿನಲ್ಲಿ ವೈದ್ಯಕೀಯ ಓದಿ ಅಲ್ಲೇ ಡಾಕ್ಟರಾದರು. ಹೆರಿಗೆ ಮತ್ತು ಸ್ತ್ರೀರೋಗದ ವಿಭಾಗ ಸೇರಿ, ಐಡಾ ಸ್ಕಡರ್ ಯಾವ ಹೆಂಗಸರಿಗಾಗಿ ಆ ಆಸ್ಪತ್ರೆ ಕಟ್ಟಿದರೋ ಅವರ ಸೇವೆ ಮಾಡಬೇಕೆಂಬುದು ಅವರ ಆಸೆ. 1954ರ ಜನವರಿಯಲ್ಲಿ ಜೊತೆಯ ಡಾಕ್ಟರುಗಳೊಂದಿಗೆ ವಿಹಾರಕ್ಕೆ ಹೊರಟಿದ್ದ ವಾಹನ ದಾರಿಯಲ್ಲಿ ಉರುಳಿತು. ಎಚ್ಚರವಾದಾಗ ಮುಖಕ್ಕೆ ಆಳವಾದ ಗಾಯ, ಸೊಂಟದಿಂದ ಕೆಳಗೆ ಏನೂ ಇಲ್ಲ. ಅವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ವರ್ಷ. ಡಾಕ್ಟರಾದ್ದರಿಂದ ಯಾರೂ ಸುಳ್ಳು ಸಮಾಧಾನ ಹೇಳುವಂತಿರಲಿಲ್ಲ. ಕಾಲು ಮತ್ತೆ ಬರುವುದಿಲ್ಲ ಎಂಬುದು ಬೇರೆಯವರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.

ಆಗ ಭಾರತದಲ್ಲಿ ಬೆನ್ನುಹುರಿ ಮುರಿದವರ ಪಾಲಿಗೆ ಪುನರ್ವಸತಿ ಎಂಬುದು ಇರಲಿಲ್ಲ ಎಂದೇ ಹೇಳಬೇಕು. ಬೆಡ್‌ಸೋರ್, ಮೂತ್ರದ ಸೋಂಕು, ಸಾವು. ಮೇರಿ ತಿಂಗಳುಗಟ್ಟಲೆ ಮಲಗಿದ್ದರು, ಹಲವು ಶಸ್ತ್ರಚಿಕಿತ್ಸೆಗಳನ್ನು ಸಹಿಸಿದರು. ಆ ಕಾಲದ ಕತ್ತಲೆಯನ್ನು ಅವರು ಬಚ್ಚಿಡಲಿಲ್ಲ. ದೇವರ ಮೇಲೆ ನಂಬಿಕೆ ಇತ್ತು, ಆದರೆ ಆ ದೇವರಿಗೆ ತನ್ನಿಂದ ಇನ್ನು ಏನು ಕೆಲಸ ಎಂಬುದು ತಿಳಿಯುತ್ತಿರಲಿಲ್ಲ. ಬದುಕಿನ ಗುರಿ ಕಳೆದುಹೋಗುವುದೆಂದರೆ ಇದೇ ಇರಬೇಕು: ಉಸಿರು ಇದೆ, ಕರೆ ಇಲ್ಲ.

ಕರೆ ಬಂದದ್ದು ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರ ಬಾಯಿಂದ. ಬ್ರ್ಯಾಂಡ್ 1914ರಲ್ಲಿ ತಮಿಳುನಾಡಿನ ಕೊಲ್ಲಿಬೆಟ್ಟದಲ್ಲಿ ಹುಟ್ಟಿದ ಮಿಷನರಿ ದಂಪತಿಯ ಮಗ. ವೈದ್ಯ ಓದುವ ಮೊದಲು ಕಟ್ಟಡದ ಕೆಲಸ, ಬಡಗಿ ಕೆಲಸ ಕಲಿತವರು. 1946ರಲ್ಲಿ ವೆಲ್ಲೂರಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಸ್ಪತ್ರೆಗೆ ಒಮ್ಮೆ ಹೋದಾಗ, ಬೆರಳು ಮಡಚಿಕೊಂಡು ಪಂಜದಂತಾಗಿದ್ದ ಒಬ್ಬ ರೋಗಿಯ ಕೈಯಲ್ಲಿ ತನ್ನ ಕೈಯಿಟ್ಟು, ಹಿಸುಕು ನೋಡೋಣ ಎಂದರು. ಸತ್ತ ಕೈ ಎಂದುಕೊಂಡಿದ್ದರೆ ನೋವಾಗುವಷ್ಟು ಬಿಗಿಯಾದ ಹಿಡಿತ. ಅಂದರೆ ಎಲ್ಲ ಸ್ನಾಯುಗಳೂ ಸತ್ತಿಲ್ಲ. ಬ್ರ್ಯಾಂಡ್ ಮುಂದಿನ ವರ್ಷಗಳಲ್ಲಿ ಕಂಡುಕೊಂಡದ್ದು ಹೀಗೆ: ಕುಷ್ಠ ಕೆಲವು ನರಗಳನ್ನು ಮಾತ್ರ ಕೆಡಿಸುತ್ತದೆ. ಅಂಗೈಯೊಳಗಿನ ಸಣ್ಣ ಸ್ನಾಯುಗಳು ನಿಲ್ಲುತ್ತವೆ, ಮುಂಗೈಯ ದೊಡ್ಡ ಸ್ನಾಯುಗಳು ಗಟ್ಟಿಯಾಗಿಯೇ ಇರುತ್ತವೆ. ಹಾಗಾದರೆ ಮಣಿಕಟ್ಟನ್ನು ಎತ್ತುವ ಒಂದು ಗಟ್ಟಿ ಸ್ನಾಯುವನ್ನು ಅದರ ಹಳೆಯ ಕೆಲಸದಿಂದ ಬಿಡಿಸಿ, ಅದಕ್ಕೆ ನಾಲ್ಕು ಎಳೆಯ ಸ್ನಾಯುರಜ್ಜು ಜೋಡಿಸಿ, ಒಂದೊಂದು ಎಳೆಯನ್ನು ಒಂದೊಂದು ಬೆರಳಿಗೆ ಹೊಲಿಯಬಹುದು. ಗಾಯ ಮಾಗಿದ ಮೇಲೆ ರೋಗಿ ವಾರಗಟ್ಟಲೆ ಕುಳಿತು ಆ ಸ್ನಾಯುವಿಗೆ ಹೊಸ ಕೆಲಸ ಕಲಿಸಬೇಕು. ಮಣಿಕಟ್ಟು ಎತ್ತಬೇಕು ಎಂದುಕೊಂಡರೆ ಬೆರಳು ನೆಟ್ಟಗಾಗುತ್ತದೆ. ದಿನ ಹೋದಂತೆ ಮಿದುಳು ಒಪ್ಪಿಕೊಳ್ಳುತ್ತದೆ. ಅನ್ನ ಕಲಸಲು, ಗುಂಡಿ ಹಾಕಲು, ಪೆನ್ನು ಹಿಡಿಯಲು ಕೈ ಬರುತ್ತದೆ.

ಬ್ರ್ಯಾಂಡ್ ಮೇರಿಯ ಹಾಸಿಗೆಯ ಬಳಿ ಬಂದು ನೆನಪಿಸಿದ್ದು ಸರಳವಾದ ಒಂದು ಸಂಗತಿ. ಕೈಯ ಶಸ್ತ್ರಚಿಕಿತ್ಸೆಯನ್ನು ಡಾಕ್ಟರು ಕುಳಿತೇ ಮಾಡುವುದು. ಅದಕ್ಕೆ ಕಾಲು ಬೇಕಿಲ್ಲ, ನಿನಗೆ ಕೈ ಇದೆ.

ಈ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಉಪದೇಶವಿಲ್ಲ, ದೇವರ ಚಿತ್ತದ ವಿವರಣೆಯಿಲ್ಲ, ಹೀಗೇಕಾಯಿತು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲ. ಉಳಿದಿರುವುದು ಏನು, ಅದನ್ನು ಯಾರಿಗಾಗಿ ಬಳಸಬಹುದು ಎಂಬುದಷ್ಟೇ ಇದೆ. ಕ್ರೈಸ್ತ ನಂಬಿಕೆಯಲ್ಲಿ ಕರೆ ಎನ್ನುವ ಮಾತು ಬಹಳ ಕೇಳಿಸುತ್ತದೆ. ಆಕಾಶದಿಂದ ಬರುವ ಧ್ವನಿ ಎಂದು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಐಡಾಗೆ ಅದು ಬಾಗಿಲು ತಟ್ಟುವ ಸದ್ದಾಗಿ ಬಂತು. ಮೇರಿಗೆ ಸಹೋದ್ಯೋಗಿಯ ಒಂದು ಮಾತಾಗಿ ಬಂತು.

ಮೇರಿ ಗಾಲಿಕುರ್ಚಿಯಲ್ಲಿ ಆಪರೇಷನ್ ಥಿಯೇಟರಿಗೆ ಹೋದರು. ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಕಾಲಿಲ್ಲದ ಡಾಕ್ಟರು ಕೈಯಿಲ್ಲದವರಿಗೆ ಕೈ ಕೊಡುವ ಆ ದೃಶ್ಯವನ್ನು ಆ ರೋಗಿಗಳ ಕಣ್ಣಿನಿಂದ ನೋಡಿ. ಮನೆಯವರೇ ಮುಟ್ಟದ ಕೈಯನ್ನು ಒಬ್ಬರು ತಮ್ಮ ಕೈಯಲ್ಲಿ ಹಿಡಿದು, ಗಂಟೆಗಟ್ಟಲೆ ಬಾಗಿ, ಎಳೆ ಎಳೆಯಾಗಿ ಹೊಲಿಯುತ್ತಿದ್ದಾರೆ. ಅವರ ಮುಖದ ಮೇಲೂ ಗಾಯದ ಗುರುತಿದೆ. ನಿನ್ನ ಬದುಕು ಮುಗಿದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಅಲ್ಲಿಗೂ ಅವರು ನಿಲ್ಲಲಿಲ್ಲ. ತನ್ನಂತೆ ಬೆನ್ನು ಮುರಿದು ಮಲಗಿದವರಿಗೆ ಈ ದೇಶದಲ್ಲಿ ಯಾರೂ ಇಲ್ಲ ಎಂಬುದು ಅವರನ್ನು ಕಾಡಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಚಿಕಿತ್ಸೆ ಪಡೆದು ಸ್ವತಂತ್ರವಾಗಿ ಬದುಕುವುದನ್ನು ಕಲಿತರು. ನ್ಯೂಯಾರ್ಕ್‌ಗೆ ಹೋಗಿ, ಪುನರ್ವಸತಿ ವೈದ್ಯಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬರಾದ ಡಾಕ್ಟರ್ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಓದಿದರು. ಅಲ್ಲೇ ಉಳಿದಿದ್ದರೆ ಗಾಲಿಕುರ್ಚಿಗೆ ಸರಿಯಾದ ರಸ್ತೆ, ಕಟ್ಟಡ, ಕಾರು ಎಲ್ಲ ಇದ್ದವು. 1960ರ ದಶಕದ ಆರಂಭದಲ್ಲಿ ವೆಲ್ಲೂರಿಗೇ ಹಿಂದಿರುಗಿ ಪುನರ್ವಸತಿ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಬಾಗಾಯಮಿನ ಬೆಟ್ಟದ ಬುಡದಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು. ಗಾಲಿಕುರ್ಚಿಯಲ್ಲಿ ಮೂವತ್ತು ವರ್ಷ ಮೀರಿದ ಬದುಕು.

ಆ ಬಾಗಾಯಮಿಗೇ ನಾವು ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿದ್ದು. ಅಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು, ಏಕೆಂದರೆ ಅವರಿಗೂ ಪಾಠ ಇದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕುಳಿತಾಗ ಆಗಾಗ ಎರಡೂ ಕೈ ಊರಿ ಮೈಯನ್ನು ಮೇಲೆತ್ತಿ ಒತ್ತಡ ಬಿಡಿಸುವುದು, ಕನ್ನಡಿ ಹಿಡಿದು ದಿನವೂ ಚರ್ಮ ನೋಡಿಕೊಳ್ಳುವುದು, ಸ್ವಚ್ಛವಾಗಿ ಕ್ಯಾತಿಟರ್ ಹಾಕುವುದು. ಮೊದಲ ವಾರ ಚಿಕ್ಕಪ್ಪ ಗೋಡೆಯ ಕಡೆ ಮುಖ ಮಾಡಿಯೇ ಮಲಗಿರುತ್ತಿದ್ದರು. ಹಾಸಿಗೆಯಿಂದ ಗಾಲಿಕುರ್ಚಿಗೆ ಒಂದು ಹಲಗೆಯ ಮೇಲೆ ಜಾರಿಕೊಂಡು ದಾಟುವುದನ್ನು ಕಲಿಸಿದಾಗ ಮೂರು ಸಲ ಸೋತು ಬಯ್ದರು. ನಾಲ್ಕನೆಯ ಸಲ ದಾಟಿದರು. ಆಮೇಲೆ ತಾವೇ ಚಕ್ರ ತಳ್ಳಿಕೊಂಡು ವರಾಂಡದ ತುದಿಯವರೆಗೆ ಹೋಗಿ, ಬೆಟ್ಟ ನೋಡುತ್ತ ಬಹಳ ಹೊತ್ತು ಇದ್ದರು. ನಾನು ಹತ್ತಿರ ಹೋಗಲಿಲ್ಲ.

ಅಲ್ಲಿನ ಯಾರೂ ಅವರಿಗೆ ಸ್ತೋತ್ರ ಹೇಳು ಅನ್ನಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಕಟ್ಟಡದಿಂದ ಬಿದ್ದ ಹುಡುಗ, ಅದರಾಚೆ ಎತ್ತಿನ ಗಾಡಿ ಮಗುಚಿದ ರೈತ. ಯಾವ ಜಾತಿ, ಯಾವ ಧರ್ಮ ಎಂದು ಯಾರೂ ಯಾರನ್ನೂ ಕೇಳಿದ್ದನ್ನು ನಾನು ಕಾಣಲಿಲ್ಲ.

ಲೂಕನ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಬರುತ್ತದೆ. ದೂರದಲ್ಲೇ ನಿಂತು ಕೂಗಿ ಕರೆದ ಅವರನ್ನು ಯೇಸು ಯಾಜಕರ ಬಳಿಗೆ ಹೋಗಿ ತೋರಿಸಿಕೊಳ್ಳಿ ಎಂದು ಕಳಿಸುತ್ತಾನೆ. ಹೋಗುವ ದಾರಿಯಲ್ಲಿ ಗುಣವಾಗುತ್ತದೆ. ಒಬ್ಬ ಮಾತ್ರ ಹಿಂದಿರುಗಿ ಕಾಲಿಗೆ ಬಿದ್ದು ಕೃತಜ್ಞತೆ ಹೇಳುತ್ತಾನೆ, ಅವನೂ ಯೆಹೂದ್ಯರು ದೂರವಿಟ್ಟ ಸಮಾರ್ಯದವನು. ಭಾನುವಾರದ ಶಾಲೆಯಲ್ಲಿ ಈ ಕಥೆಯನ್ನು ಆ ಒಂಬತ್ತು ಮಂದಿಯ ಮೇಲಿನ ದೂರಾಗಿ ನಮಗೆ ಕಲಿಸಿದರು. ಬಾಗಾಯಮಿನಲ್ಲಿ ಅದು ನನಗೆ ಬೇರೆ ರೀತಿ ಕಂಡಿತು. ಆ ಹತ್ತು ಮಂದಿ ನಡೆಯಲು ಶುರುಮಾಡಿದಾಗ ಅವರ ಮೈ ಇನ್ನೂ ಮೊದಲಿನ ಹಾಗೇ ಇತ್ತು. ಗುಣವಾಗುವ ಮೊದಲೇ ಹೆಜ್ಜೆ ಹಾಕಿದರು. ವೆಲ್ಲೂರಿನಲ್ಲಿ ವರ್ಷಕ್ಕೊಮ್ಮೆ ರಿಹ್ಯಾಬ್ ಮೇಳ ನಡೆಯುತ್ತದೆ. ಹಿಂದೆ ಅಲ್ಲಿದ್ದು ಹೋದವರು ಊರೂರುಗಳಿಂದ ಗಾಲಿಕುರ್ಚಿಗಳಲ್ಲಿ ಬಂದು ಸೇರುತ್ತಾರೆ, ಆಟ ಆಡುತ್ತಾರೆ, ತಪಾಸಣೆ ಮಾಡಿಸಿಕೊಳ್ಳುತ್ತಾರೆ, ಹೊಸದಾಗಿ ಬಿದ್ದು ಬಂದವರ ಹಾಸಿಗೆಯ ಪಕ್ಕ ಕುಳಿತು ಮಾತಾಡುತ್ತಾರೆ. ಹಿಂದಿರುಗಿದ ಆ ಒಬ್ಬನ ನೆನಪು ನನಗೆ ಬರುವುದು ಈ ಮೇಳವನ್ನು ನೆನೆದಾಗ.

ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಕೃತಜ್ಞತೆಯ ಬಗ್ಗೆ ಒಂದು ಪುಟ್ಟ ಆಜ್ಞೆ ಇದೆ: ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ. ಕನ್ನಡ ಮೇಷ್ಟರ ಮಗನಾಗಿ ನನಗೆ ಅದರಲ್ಲಿ ಕಂಡದ್ದು ವಿಭಕ್ತಿ. ಎಲ್ಲಕ್ಕೆ ಎಂಬ ಚತುರ್ಥಿ ಅಲ್ಲಿಲ್ಲ, ಎಲ್ಲದರಲ್ಲಿ ಎಂಬ ಸಪ್ತಮಿ ಇದೆ. ಬಿದ್ದದ್ದಕ್ಕೆ ಸ್ತೋತ್ರ ಹೇಳಬೇಕಾಗಿಲ್ಲ. ಬಿದ್ದ ಆ ದಿನದೊಳಗೂ ಸ್ತೋತ್ರಕ್ಕೆ ಜಾಗವಿದೆ: ಮರದಡಿಯಿಂದ ಎತ್ತಿಕೊಂಡು ಓಡಿದ ನೆರೆಯ ಬ್ಯಾರಿ ಹುಡುಗರು, ಜೀಪು ಕೊಟ್ಟ ಶೆಟ್ಟರು, ರಾತ್ರಿಯಿಡೀ ಎಚ್ಚರವಿದ್ದ ಚಿಕ್ಕಮ್ಮ. ತನ್ನನ್ನು ಹಿಡಿದುಕೊಟ್ಟ ರಾತ್ರಿ ಯೇಸು ರೊಟ್ಟಿಯನ್ನು ಕೈಗೆ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದನು ಎಂದು ಪ್ರಭು ಭೋಜನದಲ್ಲಿ ಪ್ರತಿ ಸಲವೂ ಕೇಳುತ್ತೇವೆ. ಮರುದಿನ ಏನು ಕಾದಿದೆ ಎಂದು ಗೊತ್ತಿದ್ದವನ ಬಾಯಿಂದ ಬಂದ ಸ್ತೋತ್ರ ಅದು. ಚಿಕ್ಕಪ್ಪ ಲಕೋಟೆಯ ಮೇಲೆ ಕಾರಣ ಬರೆಯದೆ ತಾರೀಕು ಬರೆದದ್ದು ಈಗ ನನಗೆ ತಪ್ಪೆನಿಸುವುದಿಲ್ಲ.

ಅವರು ಈಗ ಮನೆಯಂಗಳದಲ್ಲಿ ಕಾಳುಮೆಣಸಿನ ಸಸಿ ಮಾಡುತ್ತಾರೆ. ಗಾಲಿಕುರ್ಚಿಯ ಎತ್ತರಕ್ಕೆ ಸರಿಯಾಗಿ ಒಂದು ಹಲಗೆ ಹಾಕಿಸಿದ್ದಾರೆ. ಹಂಬಿನಿಂದ ಎರಡು ಮೂರು ಗಂಟಿನ ಕಡ್ಡಿ ಕತ್ತರಿಸಿ, ಎಲೆ ಚಿವುಟಿ, ಮಣ್ಣು ಮರಳು ಗೊಬ್ಬರ ತುಂಬಿದ ಕರಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೆಳಗಿನ ಗಂಟು ಮುಚ್ಚುವಂತೆ ಊರಿ, ಹೆಬ್ಬೆರಳಿನಿಂದ ಸುತ್ತ ಒತ್ತುತ್ತಾರೆ. ನಡುನಡುವೆ ಮಾತು ನಿಲ್ಲಿಸಿ, ಎರಡೂ ಕೈ ಕುರ್ಚಿಯ ಮೇಲೆ ಊರಿ ಮೈ ಎತ್ತುತ್ತಾರೆ, ಬಾಯಲ್ಲೇ ಹತ್ತು ಎಣಿಸಿ ಇಳಿಸುತ್ತಾರೆ. ಮತ್ತೆ ಕಡ್ಡಿ ಕೈಗೆತ್ತಿಕೊಳ್ಳುತ್ತಾರೆ. ಕಳೆದ ಬೆಳೆ ಹಬ್ಬಕ್ಕೆ ಇಪ್ಪತ್ತೈದು ಸಸಿ ಚರ್ಚಿಗೆ ಕಳಿಸಿದ್ದರು. ಏಲಂನಲ್ಲಿ ಎಲ್ಲವೂ ಹೋದವು, ಎರಡನ್ನು ನಾನೇ ತಂದು ತೆಂಗಿನ ಬುಡದಲ್ಲಿ ನೆಟ್ಟಿದ್ದೇನೆ. ಪಕ್ಕದ ಊರಿನಲ್ಲಿ ಕಳೆದ ವರ್ಷ ಒಬ್ಬ ಹುಡುಗ ಮರದಿಂದ ಬಿದ್ದಾಗ, ರಿಕ್ಷಾ ಮಾಡಿಕೊಂಡು ಮೊದಲು ಹೋದವರು ಚಿಕ್ಕಪ್ಪ. ಜೊತೆಗೆ ಒಯ್ದದ್ದು ಒಂದು ಕನ್ನಡಿ, ಒಂದು ಜಾರುವ ಹಲಗೆ.

ಈ ಬರಹ ಓದುತ್ತಿರುವ ನಿಮ್ಮ ಊರಿನಲ್ಲೂ ಹಾಗೆ ಕೋಣೆಯಲ್ಲಿ ಮಲಗಿರುವವರು ಇರಬಹುದು. ದಯವಿಟ್ಟು ಹೋಗಿ ನೋಡಿ. ಸಮಾಧಾನದ ಮಾತು ಬೇಕಾಗಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಾರೆಯೇ, ಬೆನ್ನಿನಲ್ಲಿ ಕೆಂಪಾಗಿದೆಯೇ ಎಂದು ಕೇಳಿ. ವೆಲ್ಲೂರು ದೂರವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನರ್ವಸತಿ ವಿಭಾಗವಿದೆ, ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿದೆ, ಎನ್.ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ ಬೆನ್ನುಹುರಿ ಪೆಟ್ಟಾದವರಿಗಾಗಿ ಕೆಲಸ ಮಾಡುತ್ತಿದೆ. ಕರೆದುಕೊಂಡು ಹೋಗಲು ಜೊತೆಗೆ ಒಬ್ಬರು ಬೇಕಾಗುತ್ತದೆ. ಆ ಒಬ್ಬರು ನೀವಾಗಿ.